ಹಾರಿ ಕೂರುವ ಸ್ವರ, ಜಾರಿ ಬರುವ ಸ್ವರ

ನಮ್ಮ ಬಂಟ್ವಾಳದ ಕಡೆ ಮದುವೆ ಹಾಲ್‌ಗೆ ಬೆಳಗ್ಗೆ ಬೇಗ ಹೋದರೆ ಮೊದಲು ಕಾಣುವುದು ವಾಲಗದವರು. ಮಂಟಪದ ಪಕ್ಕದಲ್ಲಿ ಹಾಸಿದ ಚಾಪೆಯ ಮೇಲೆ ಕಾಲು ಮಡಚಿ ಕೂತು, ಉದ್ದನೆಯ ಕಪ್ಪು ಪೆಟ್ಟಿಗೆ ತೆರೆಯುತ್ತಾರೆ. ಒಳಗೆ ಮಖಮಲ್ಲಿನ ಗುಳಿಯಲ್ಲಿ ಮಲಗಿರುವುದು ಸ್ಯಾಕ್ಸೋಫೋನ್. ಪುಟ್ಟ ಪ್ಲಾಸ್ಟಿಕ್ ಡಬ್ಬಿಯಿಂದ ಬಿದಿರಿನ ಸೀಳಿನಂಥ ಒಂದು ರೀಡ್ ತೆಗೆದು ನಾಲಿಗೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಅದು ನೆನೆಯುವವರೆಗೆ ಮಾತಿಲ್ಲ. ಯಾರಾದರೂ ಕಾಫಿ ಬೇಕಾ ಅಂತ ಕೇಳಿದರೆ ತಲೆಯಾಡಿಸುವುದಷ್ಟೆ. ಆಮೇಲೆ ರೀಡನ್ನು ಬಾಯಿತುದಿಗೆ ಸೇರಿಸಿ, ಎರಡು ಪುಟ್ಟ ಸ್ಕ್ರೂ ತಿರುಗಿಸಿ ಬಿಗಿದು, ಶ್ರುತಿಪೆಟ್ಟಿಗೆಯ ಷಡ್ಜಕ್ಕೆ ಒಂದು ಉದ್ದನೆಯ ಸ್ವರ ಬಿಡುತ್ತಾರೆ. ಆ ಸ್ವರ ಕೇಳಿದ ಮೇಲೆಯೇ ನನಗೆ ಮದುವೆ ಶುರುವಾಯಿತು ಅನ್ನಿಸುವುದು.

ಹಾಗಾಗಿ ಚಿಕ್ಕಂದಿನಲ್ಲಿ ನನಗೆ ಸ್ಯಾಕ್ಸೋಫೋನ್ ಹೊರಗಿನ ವಾದ್ಯ ಅಂತ ಗೊತ್ತೇ ಇರಲಿಲ್ಲ. ದೇವಸ್ಥಾನದ ಬಲಿ ಹೊರಡುವಾಗ, ಧಾರೆಯ ಹೊತ್ತಿಗೆ, ಗೃಹಪ್ರವೇಶಕ್ಕೆ ಊದುವ ವಾದ್ಯ ಅದು. ಬೆಂಗಳೂರಿಗೆ ಓದಲು ಬಂದ ಮೇಲೆ ಹಾಸ್ಟೆಲ್ಲಿನ ಗೆಳೆಯನೊಬ್ಬ ‘ಸ್ಯಾಕ್ಸೋಫೋನ್ ಅಂದ್ರೆ ಜಾಝ್’ ಅಂದಾಗ ನಾನು ‘ಅಲ್ಲ, ಅದು ವಾಲಗ’ ಅಂದಿದ್ದೆ. ಇಬ್ಬರೂ ನಮಗೆ ಗೊತ್ತಿದ್ದದ್ದನ್ನೇ ಹೇಳಿದ್ದೆವು.

ನಮ್ಮ ಊರಿನ ಕಿವಿಗಳನ್ನು ಹೀಗೆ ಪಳಗಿಸಿದ್ದು ಕದ್ರಿ ಗೋಪಾಲನಾಥರು. ಅವರು ನಮ್ಮ ತಾಲೂಕಿನವರೇ, ಸಜಿಪಮೂಡದವರು. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮಗನೂ ನಾಗಸ್ವರದಲ್ಲೇ ಮುಂದುವರಿಯಬೇಕಿತ್ತು. ಆದರೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಒಮ್ಮೆ ಸ್ಯಾಕ್ಸೋಫೋನ್ ಕೇಳಿದ ಹುಡುಗನಿಗೆ ಅದರದ್ದೇ ಗುಂಗು ಹಿಡಿಯಿತು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರ ಬಳಿ, ಆಮೇಲೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ಪಾಠವಾಯಿತು. ಆ ಹಿತ್ತಾಳೆ ಕೊಳವೆಯಿಂದ ಕರ್ನಾಟಕ ಸಂಗೀತ ಹೊರಡಿಸಲು ಸುಮಾರು 20 ವರ್ಷಗಳ ಸಾಧನೆ ಬೇಕಾಯಿತು ಎನ್ನುತ್ತಾರೆ. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್ ಕಛೇರಿ, ಅದೇ ವರ್ಷ ಎ.ಆರ್. ರೆಹಮಾನ್ ಸಂಗೀತದ ‘ಡ್ಯುಯೆಟ್’ ಸಿನಿಮಾ, 2004ರಲ್ಲಿ ಪದ್ಮಶ್ರೀ. ಇವೆಲ್ಲ ಎಲ್ಲರಿಗೂ ಗೊತ್ತಿರುವ ಸಂಗತಿ. ನಾನು ಬರೆಯಹೊರಟಿರುವುದು ಅಷ್ಟಾಗಿ ಯಾರೂ ಮಾತಾಡದ ಒಂದು ಆಲ್ಬಮ್ಮಿನ ಬಗ್ಗೆ.

ಆಲ್ಬಮ್ಮಿನ ಹೆಸರು ‘ಕಿನ್ಸ್‌ಮೆನ್’. 2008ರಲ್ಲಿ ನ್ಯೂಯಾರ್ಕಿನ ಪೈ ರೆಕಾರ್ಡಿಂಗ್ಸ್ ಹೊರತಂದದ್ದು. ಅದರ ನಾಯಕ ರುದ್ರೇಶ್ ಮಹಂತಪ್ಪ ಎಂಬ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ. ಹೆಸರು ಕೇಳಿದರೆ ದಾವಣಗೆರೆಯ ಕಡೆಯ ಮೇಷ್ಟ್ರೊಬ್ಬರ ನೆನಪಾಗಬೇಕು. ಕರ್ನಾಟಕ ಮೂಲದ ತಂದೆತಾಯಿಯ ಮಗ, 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಹುಟ್ಟಿ ಅಮೆರಿಕದ ಕೊಲರಾಡೋ ರಾಜ್ಯದ ಬೌಲ್ಡರ್ ಊರಿನಲ್ಲಿ ಬೆಳೆದವರು. ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮಗ ಊದಲು ಕಲಿತದ್ದು ಶಾಲೆಯ ಬ್ಯಾಂಡಿನಲ್ಲಿ, ಮನಸೋತದ್ದು ಜಾಝ್ ಸ್ಯಾಕ್ಸೋಫೋನಿನ ದಿಗ್ಗಜ ಚಾರ್ಲಿ ಪಾರ್ಕರನಿಗೆ.

ಕಿನ್ಸ್‌ಮೆನ್ ಅಂದರೆ ನೆಂಟರು, ಒಂದೇ ಕುಲದವರು. ಕನ್ನಡದಲ್ಲಿ ಅದಕ್ಕೆ ತೀರಾ ಹತ್ತಿರದ ಮಾತು ‘ದಾಯಾದಿಗಳು’. ಆದರೆ ಆ ಮಾತನ್ನು ಕೇಳಿದ ತಕ್ಷಣ ನಮಗೆ ಜಾಗದ ಪಾಲು, ಕೋರ್ಟು, ಅಡಿಕೆ ತೋಟದ ಬೇಲಿ ಎಲ್ಲ ಕಣ್ಣ ಮುಂದೆ ಬಂದುಬಿಡುತ್ತದೆ. ಇಲ್ಲಿ ಪಾಲಿನ ಜಗಳ ಇಲ್ಲ. ಪಾಲುಮಾಡಲು ಇರುವುದು ಒಂದೇ ಆಸ್ತಿ, ಆಲ್ಟೋ ಸ್ಯಾಕ್ಸೋಫೋನ್. ಇಬ್ಬರೂ ಊದುವುದು ಅದನ್ನೇ.

ಇವರಿಬ್ಬರು ಸಿಕ್ಕಿಕೊಂಡ ಕಥೆಯೂ ಚೆನ್ನಾಗಿದೆ. ರುದ್ರೇಶ್ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದಾಗ ಅಣ್ಣ ತಮಾಷೆಗೆಂದು ಒಂದು ರೆಕಾರ್ಡ್ ಕೊಟ್ಟನಂತೆ. ಹೆಸರು ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’. ಒಳಗಿದ್ದದ್ದು ಗೋಪಾಲನಾಥರ ವಾದನ. ಅಮೆರಿಕದಲ್ಲಿ ಬೆಳೆದ ಭಾರತೀಯ ಮುಖದ ಜಾಝ್ ಹುಡುಗನ ಹತ್ತಿರ ಸುತ್ತಲಿನವರು ನಿರೀಕ್ಷಿಸುತ್ತಿದ್ದದ್ದು ಭಾರತದ ಸಂಗೀತವನ್ನೇ. ನಿನಗೆ ಅದು ರಕ್ತದಲ್ಲೇ ಇರಬೇಕಲ್ಲ ಅಂತ. ಅವನಿಗೋ ಅದು ಗೊತ್ತಿಲ್ಲದ ಸಂಗತಿ. ಹಾಗಿರುವಾಗ ತನ್ನದೇ ವಾದ್ಯದಲ್ಲಿ, ತನ್ನ ಅಪ್ಪ ಅಮ್ಮನ ಸೀಮೆಯವರೊಬ್ಬರು, ತಾನು ಅಸಾಧ್ಯ ಅಂದುಕೊಂಡಿದ್ದನ್ನು ಊದುತ್ತಿದ್ದಾರೆ! ತಮಾಷೆಗೆ ಕೊಟ್ಟದ್ದು ತಮಾಷೆಯಾಗಿ ಉಳಿಯಲಿಲ್ಲ. ಮುಂದೆ ನ್ಯೂಯಾರ್ಕಿನ ಏಷ್ಯಾ ಸೊಸೈಟಿಯ ನೆರವಿನಿಂದ ಇಬ್ಬರೂ ಒಂದೇ ವೇದಿಕೆಗೆ ಬಂದರು. ತಂಡಕ್ಕೆ ‘ದಕ್ಷಿಣ ಎನ್ಸೆಂಬಲ್’ ಎಂಬ ಹೆಸರಾಯಿತು. ಪಿಟೀಲಿಗೆ ಎ. ಕನ್ಯಾಕುಮಾರಿ, ಮೃದಂಗಕ್ಕೆ ಪೂವಲೂರ್ ಶ್ರೀಜಿ. ಜಾಝ್ ಕಡೆಯಿಂದ ಗಿಟಾರಿಗೆ ಕರಾಚಿಯಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ರೆಜ್ ಅಬ್ಬಾಸಿ, ಬಾಸ್‌ಗೆ ಕಾರ್ಲೋ ಡಿ ರೋಸಾ, ಡ್ರಮ್ಸ್‌ಗೆ ರಾಯಲ್ ಹಾರ್ಟಿಗನ್.

ನಾನು ಈ ಆಲ್ಬಮ್ ಮೊದಲ ಸಲ ಕೇಳಿದಾಗ ಅರ್ಧಕ್ಕೇ ನಿಲ್ಲಿಸಿದ್ದೆ. ಕೆಲಸ ಮುಗಿಸಿ ಬಸ್ಸಿನಲ್ಲಿ ಕೂತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿದ್ದು. ಸ್ಯಾಕ್ಸೋಫೋನ್ ಒಂದು ಕಡೆ ಹೋಗುತ್ತಿದ್ದ ಹಾಗೆ, ಡ್ರಮ್ಸ್ ಇನ್ನೊಂದು ಕಡೆ ಎಳೆದ ಹಾಗೆ, ಮೃದಂಗ ನಡುವೆ ಸಿಕ್ಕಿಕೊಂಡ ಹಾಗೆ ಅನ್ನಿಸಿತು. ಎಲ್ಲಿ ಯಾರು ಊದುತ್ತಿದ್ದಾರೆ ಅನ್ನುವುದೇ ತಿಳಿಯಲಿಲ್ಲ. ಎರಡೂ ಒಂದೇ ವಾದ್ಯವಲ್ಲವೇ? ಗೋಪಾಲನಾಥರ ಕಛೇರಿ ಕೇಳಲು ಬಂದವನಿಗೆ ಅವರು ಜನಜಂಗುಳಿಯಲ್ಲಿ ಕೈತಪ್ಪಿದ ಹಾಗಾಗಿತ್ತು.

ಅದನ್ನು ನನಗೆ ಕೇಳಲು ಕಲಿಸಿದವರು ನನ್ನ ದೊಡ್ಡಪ್ಪ.

ದೊಡ್ಡಪ್ಪ ಸಂಗೀತ ಕಲಿತವರಲ್ಲ. ಆದರೆ ಕದ್ರಿ ಮಂಜುನಾಥನ ಜಾತ್ರೆಯಿಂದ ಹಿಡಿದು ಮಂಗಳೂರಿನ ಪುರಭವನದವರೆಗೆ ಗೋಪಾಲನಾಥರ ಕಛೇರಿ ಎಲ್ಲಿದ್ದರೂ ಬಸ್ಸು ಹತ್ತುತ್ತಿದ್ದವರು. ಮನೆಯ ಕಪಾಟಿನಲ್ಲಿ ಕ್ಯಾಸೆಟ್ಟುಗಳನ್ನು ನಾಫ್ತಲೀನ್ ಗುಳಿಗೆ ಹಾಕಿ ಕಾಪಾಡಿದ್ದರು. ಒಂದು ಮಳೆಗಾಲ ಊರಿಗೆ ಹೋದಾಗ, ಮಧ್ಯಾಹ್ನ ಊಟವಾದ ಮೇಲೆ ಚಾವಡಿಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಆ ಆಲ್ಬಮ್ ಹಾಕಿದೆ. ಏನೂ ಹೇಳಲಿಲ್ಲ, ಗೋಪಾಲನಾಥರದ್ದು ಅಂತಷ್ಟೇ ಹೇಳಿದೆ.

ಮೊದಲು ಸುಮ್ಮನೆ ಕೂತರು. ಕವಳ ಅಗಿಯುವುದು ನಿಂತಿತು. ಸ್ವಲ್ಪ ಹೊತ್ತು ಕಳೆದ ಮೇಲೆ ಕೈ ಎತ್ತಿದರು.

“ಇದು ಅವರಲ್ಲ. ಇದು ಬೇರೆ ಯಾರೋ.”

“ಹೇಗೆ ಗೊತ್ತಾಯ್ತು ದೊಡ್ಡಪ್ಪ?”

“ನೀನು ಕೇಳಿ ನೋಡು ಮಾರಾಯಾ. ಇವ ಸ್ವರದ ಮೇಲೆ ಹಾರಿ ಕೂತ್ಕೊಳ್ತಾನೆ. ಅವರು ಜಾರಿಕೊಂಡು ಬರ್ತಾರೆ.”

ಸ್ವಲ್ಪ ಹೊತ್ತಿಗೆ ಸ್ಯಾಕ್ಸೋಫೋನ್ ಮತ್ತೆ ಬಂತು. “ಹಾಂ, ಈಗ ಬಂದ್ರು” ಅಂದರು, ಗೇಟಿನ ಹತ್ತಿರ ನೆಂಟರನ್ನು ಕಂಡವರ ಹಾಗೆ.

ಅವತ್ತಿನಿಂದ ನನಗೆ ಆ ಆಲ್ಬಮ್ ತೆರೆದುಕೊಂಡಿತು. ಹಾರಿ ಕೂರುವುದು, ಜಾರಿ ಬರುವುದು. ಇವೆರಡು ಮಾತು ಹಿಡಿದುಕೊಂಡು ಕೇಳಿದರೆ ಎರಡು ಸ್ಯಾಕ್ಸೋಫೋನುಗಳು ಎಷ್ಟೇ ವೇಗದಲ್ಲಿ ಹೆಣೆದುಕೊಂಡರೂ ಎಳೆ ಬಿಡಿಸಬಹುದು.

ಇದರ ಕಾರಣ ವಾದ್ಯದ ಒಳಗೇ ಇದೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಎಂಬಾತ ಈ ವಾದ್ಯ ಮಾಡಿ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ. ಮಿಲಿಟರಿ ಬ್ಯಾಂಡಿನಲ್ಲಿ ಮರದ ವಾದ್ಯಗಳ ಸದ್ದು ಮುಳುಗಿಹೋಗುತ್ತಿತ್ತು. ಹಿತ್ತಾಳೆಯ ಗಟ್ಟಿ ಗಂಟಲಿದ್ದು ಮರದ ವಾದ್ಯದಷ್ಟೇ ಚುರುಕಾಗಿ ಓಡುವಂಥದ್ದು ಆತನಿಗೆ ಬೇಕಿತ್ತು. ಕೊಳವೆಯ ರಂಧ್ರಗಳು ದೊಡ್ಡವು, ಬೆರಳಿನಿಂದ ಮುಚ್ಚಲಾಗುವುದಿಲ್ಲ. ಅದಕ್ಕೇ 20ಕ್ಕೂ ಹೆಚ್ಚು ಕೀಗಳು, ಪ್ರತಿ ಕೀಗೂ ಒಂದು ಮುಚ್ಚಳ, ಮುಚ್ಚಳಕ್ಕೆ ಚರ್ಮದ ಪ್ಯಾಡ್. ಕೀ ಒತ್ತಿದರೆ ರಂಧ್ರ ಪೂರ್ತಿ ಮುಚ್ಚಿತು, ಬಿಟ್ಟರೆ ಪೂರ್ತಿ ತೆರೆಯಿತು. ಮೆಟ್ಟಿಲಿನ ಹಾಗೆ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಕಾಲಿಡಬಹುದು, ನಡುವೆ ನಿಲ್ಲಲು ಜಾಗವಿಲ್ಲ.

ನಾಗಸ್ವರ ಹಾಗಲ್ಲ. ಅಲ್ಲಿ ಕೀ ಇಲ್ಲ, ರಂಧ್ರದ ಮೇಲೆ ಬೆರಳೇ ಕೂರುತ್ತದೆ. ಬೆರಳನ್ನು ಇಷ್ಟಿಷ್ಟೇ ಸರಿಸಿದರೆ ಸ್ವರ ಇಷ್ಟಿಷ್ಟೇ ಏರುತ್ತದೆ. ಗಮಕ, ಅಂದರೆ ಸ್ವರದ ತೂಗಾಟ ಜಾರಾಟ, ಹುಟ್ಟುವುದು ಆ ಸಂದಿಯಲ್ಲಿ. ಕರ್ನಾಟಕ ಸಂಗೀತದಲ್ಲಿ ಗಮಕ ಅಲಂಕಾರವಲ್ಲ, ಅದೇ ರಾಗದ ಜೀವ. ತೋಡಿ ರಾಗದ ಗಾಂಧಾರವನ್ನು, ಅಂದರೆ ‘ಗ’ ಸ್ವರವನ್ನು, ಅಲುಗಾಡದಂತೆ ನೇರವಾಗಿ ಹಿಡಿದರೆ ಅದು ತೋಡಿಯಾಗಿ ಉಳಿಯುವುದೇ ಇಲ್ಲ. ಹಾಗಾದರೆ ಮೆಟ್ಟಿಲುಗಳಷ್ಟೇ ಇರುವ ವಾದ್ಯದಲ್ಲಿ ಜಾರುವುದು ಹೇಗೆ? ಗೋಪಾಲನಾಥರು ಅದನ್ನು ಬೆರಳಿನಿಂದ ತುಟಿಗೆ, ದವಡೆಗೆ, ಗಂಟಲಿಗೆ ವರ್ಗಾಯಿಸಿದರು. ರೀಡಿನ ಮೇಲಿನ ಕಡಿತವನ್ನು ಒಂದೆಳೆ ಸಡಿಲಿಸಿದರೆ ಸ್ವರ ಬಾಗುತ್ತದೆ, ಬಿಗಿದರೆ ಏರುತ್ತದೆ. ಉಸಿರಿನ ಒತ್ತಡ ಬದಲಾದರೆ ಅದರ ಬಣ್ಣವೂ ಬದಲು. ಕೀಯನ್ನು ಪೂರ್ತಿ ಬಿಡದೆ ಅರ್ಧದಲ್ಲಿ ಹಿಡಿದು ತುಟಿಯಿಂದ ಉಳಿದ ದಾರಿ ಸವೆಸಬೇಕು. ಇದನ್ನು ಒಂದು ಸ್ವರಕ್ಕಲ್ಲ, ಮೂರು ಗಂಟೆಯ ಕಛೇರಿಯ ಪ್ರತಿ ಸ್ವರಕ್ಕೂ ಮಾಡಬೇಕು. 20 ವರ್ಷ ಯಾಕೆ ಬೇಕಾಯಿತು ಅಂತ ನನಗೆ ಈಗ ಆಶ್ಚರ್ಯವಾಗುವುದಿಲ್ಲ.

ನಮ್ಮ ಚಿಕ್ಕಮ್ಮನ ಮಗಳ ಮದುವೆಗೆ ಬಂದ ವಾಲಗದವರ ಹತ್ತಿರ ಒಮ್ಮೆ ಇದನ್ನೇ ಕೇಳಿದ್ದೆ. ಊಟದ ಬಿಡುವಿನಲ್ಲಿ ಅವರು ಕೆಳತುಟಿಯ ಒಳಭಾಗ ತಿರುಗಿಸಿ ತೋರಿಸಿದರು. ಹಲ್ಲಿನ ಗುರುತು ಗೆರೆಯಾಗಿ ಕೂತಿತ್ತು, ಚರ್ಮ ಅಲ್ಲಿ ದಪ್ಪಗಟ್ಟಿತ್ತು. “ಗಮಕ ಎಲ್ಲ ಇಲ್ಲಿರುದು ಮಾರಾಯ್ರೆ” ಅಂದರು.

ಇತ್ತ ರುದ್ರೇಶ್ ಮೆಟ್ಟಿಲುಗಳನ್ನು ಪ್ರೀತಿಸಿದವರು. ಪಾರ್ಕರ್ ಹಾಕಿಕೊಟ್ಟ ಬೀಬಾಪ್ ಎಂಬ ವೇಗದ ಜಾಝ್ ದಾರಿಯೇ ಅಂಥದ್ದು. ಹಿಂದೆ ಸ್ವರಗುಚ್ಛಗಳು, ಅವರ ಮಾತಿನಲ್ಲಿ ಕಾರ್ಡ್‌ಗಳು, ತಾಳದ ಒಂದೆರಡು ಸುತ್ತಿಗೊಮ್ಮೆ ಬದಲಾಗುತ್ತ ಓಡುತ್ತಿರುತ್ತವೆ. ವಾದಕ ಆ ಓಡುವ ನೆಲದ ಮೇಲೆ ಸರಿಯಾದ ಕಲ್ಲಿನಿಂದ ಸರಿಯಾದ ಕಲ್ಲಿಗೆ ಜಿಗಿಯಬೇಕು. ತಡಮಾಡಿದರೆ ಕಲ್ಲು ಮುಳುಗಿರುತ್ತದೆ. ಅಲ್ಲಿ ಸ್ವರವನ್ನು ಮುದ್ದಿಸುತ್ತ ಕೂರುವ ಪುರುಸೊತ್ತಿಲ್ಲ. ರುದ್ರೇಶರ ಧ್ವನಿ ಹರಿತವಾದದ್ದು, ಅಂಚು ಮೊನಚು. ಸ್ವರ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂಬುದು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಸ್ಪಷ್ಟ. ದೊಡ್ಡಪ್ಪ ‘ಹಾರಿ ಕೂರುವುದು’ ಅಂದದ್ದು ಇದನ್ನೇ. ಅದನ್ನು ಅವರು ದೂರಿನ ಹಾಗೆ ಹೇಳಲಿಲ್ಲ ಅನ್ನುವುದನ್ನೂ ಹೇಳಬೇಕು.

ಜಾಝ್‌ನವರಿಗೂ ನಮ್ಮವರಿಗೂ ಈ ಮೊದಲೂ ಒಡನಾಟ ಇತ್ತು. ಜಮೈಕಾದಲ್ಲಿ ಹುಟ್ಟಿದ ಸ್ಯಾಕ್ಸೋಫೋನ್ ವಾದಕ ಜೋ ಹ್ಯಾರಿಯಟ್ ಮತ್ತು ಕಲ್ಕತ್ತೆಯಲ್ಲಿ ಹುಟ್ಟಿದ ಸಂಗೀತ ಸಂಯೋಜಕ ಜಾನ್ ಮೇಯರ್ ಲಂಡನ್ನಿನಲ್ಲಿ 1960ರ ದಶಕದಲ್ಲೇ ಇಂಥ ಪ್ರಯತ್ನ ಮಾಡಿದ್ದರು. ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಸಿತಾರಿನ ರವಿಶಂಕರರ ಮೇಲಿನ ಗೌರವಕ್ಕೆ ಮಗನಿಗೆ ರವಿ ಎಂದೇ ಹೆಸರಿಟ್ಟ. ಗೋಪಾಲನಾಥರೇ 1980ರ ಮುಂಬೈ ಜಾಝ್ ಯಾತ್ರಾ ಉತ್ಸವದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿಯ ಜೊತೆ ನುಡಿಸಿ ಹೆಸರಾದವರು. ಆಮೇಲೆ ಕೊಳಲುವಾದಕ ಜೇಮ್ಸ್ ನ್ಯೂಟನ್ ಜೊತೆ ಒಂದು ಆಲ್ಬಮ್ಮೂ ಮಾಡಿದ್ದರು. ಇವುಗಳಲ್ಲಿ ಕೇಳಿದಷ್ಟರಲ್ಲಿ ನನಗನ್ನಿಸಿದ್ದು, ಇಬ್ಬರೂ ಒಬ್ಬರಿಗೊಬ್ಬರು ತುಂಬ ಮರ್ಯಾದೆ ಕೊಟ್ಟು ಮಾತಾಡುತ್ತಾರೆ. ನೀವು ಮೊದಲು, ಇಲ್ಲ ನೀವು ಮೊದಲು ಅಂತ. ‘ಕಿನ್ಸ್‌ಮೆನ್’ನಲ್ಲಿ ಆ ಸಂಕೋಚ ಇಲ್ಲ. ಇಬ್ಬರೂ ಒಂದೇ ಸಾಲನ್ನು ಜೊತೆಯಾಗಿ ಊದುವ ಜಾಗಗಳಲ್ಲಿ ಇದು ಗೊತ್ತಾಗುತ್ತದೆ. ಬರೆದಿಟ್ಟ ಸ್ವರಗಳು ಒಂದೇ. ಆದರೆ ಒಬ್ಬರು ನೇರವಾಗಿ ತಲುಪುತ್ತಾರೆ, ಇನ್ನೊಬ್ಬರು ಸ್ವಲ್ಪ ಕೆಳಗಿನಿಂದ ಬಾಗಿ ಬರುತ್ತಾರೆ. ಎರಡು ಗೆರೆಗಳ ನಡುವೆ ಕೂದಲೆಳೆಯಷ್ಟು ಅಂತರ ಉಳಿಯುತ್ತದೆ. ಸ್ಟುಡಿಯೋದಲ್ಲಿ ಮತ್ತೆ ಮತ್ತೆ ನುಡಿಸಿ ಅದನ್ನು ಒಂದಾಗಿಸಲು ಪ್ರಯತ್ನಿಸಬಹುದಿತ್ತು. ಹಾಗೆ ಮಾಡದೇ ಬಿಟ್ಟಿದ್ದಾರೆ. ಈ ಆಲ್ಬಮ್ಮಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಕೂದಲೆಳೆಯ ಅಂತರ.

ಇನ್ನೊಂದು ಜಾಣತನವನ್ನು ನಾನು ಬಹಳ ತಡವಾಗಿ ಗಮನಿಸಿದೆ. ಇಲ್ಲಿ ಪಿಯಾನೋ ಇಲ್ಲ. ಆ ವರ್ಷಗಳಲ್ಲಿ ರುದ್ರೇಶರ ನಿತ್ಯದ ಜೊತೆಗಾರ ಪಿಯಾನೋ ವಾದಕ ವಿಜಯ್ ಅಯ್ಯರ್. ಅವರನ್ನೇ ಕರೆಯಬಹುದಿತ್ತಲ್ಲ. ಆದರೆ ಪಿಯಾನೋದ ಒಂದೊಂದು ಸ್ವರವೂ ಮೊದಲೇ ಗೂಟ ಹೊಡೆದಿಟ್ಟದ್ದು, ಜಗ್ಗಿದರೆ ಬಗ್ಗುವುದಿಲ್ಲ. ಗೋಪಾಲನಾಥರ ಬಾಗುವ ಗಾಂಧಾರದ ಕೆಳಗೆ ಪಿಯಾನೋ ತನ್ನ ಗಟ್ಟಿ ಗಾಂಧಾರ ಇಟ್ಟರೆ ಎರಡೂ ಕೆಡುತ್ತವೆ. ಗಿಟಾರಿನ ತಂತಿಯನ್ನಾದರೆ ಬೆರಳಿನಿಂದ ಎಳೆಯಬಹುದು, ಅಬ್ಬಾಸಿ ಎಳೆಯುತ್ತಾರೆ ಕೂಡ. ಬೇಕಾದಾಗ ಕಾರ್ಡ್ ನುಡಿಸಿ ಜಾಝ್‌ನವರಿಗೆ ನೆಲವಾಗುತ್ತಾರೆ, ಬೇಡವಾದಾಗ ತಂತಿ ಮೀಟಿ ತಂಬೂರಿಯ ಹತ್ತಿರಕ್ಕೆ ಬರುತ್ತಾರೆ. ಒಂದು ವಾದ್ಯವನ್ನು ಬಿಟ್ಟದ್ದರಿಂದಲೇ ಎಷ್ಟು ಜಾಗ ಆಗಿದೆ ನೋಡಿ.

ಉದ್ದನೆಯ ರಚನೆಗಳ ನಡುವೆ ಪುಟ್ಟ ಪುಟ್ಟ ಆಲಾಪಗಳಿವೆ. ಅವಕ್ಕೆ ನುಡಿಸಿದವರದ್ದೇ ಹೆಸರು. ‘ರೆಜ್-ಆಲಾಪ್’, ‘ಕಾರ್ಲೋ-ಆಲಾಪ್’, ‘ಕನ್ಯಾ-ಆಲಾಪ್’. ಜಾಝ್ ಬಾಸ್ ನುಡಿಸುವವನು ಸಾಮಾನ್ಯವಾಗಿ ಎಲ್ಲರಿಗೂ ಹಿಂದೆ ನಿಂತು ಹೆಜ್ಜೆ ಹಾಕುವವನು. ಆ ಹೆಬ್ಬಂಡೆಯಂಥ ವಾದ್ಯದ ದಪ್ಪ ತಂತಿಗೆ ಇಲ್ಲಿ ಏಕಾಂಗಿಯಾಗಿ ಆಲಾಪ ಮಾಡುವ ಸರದಿ. ಆಮೇಲೆ ಕನ್ಯಾಕುಮಾರಿಯವರ ಪಿಟೀಲು ಬರುತ್ತದೆ. ಗೋಪಾಲನಾಥರ ಪಕ್ಕದಲ್ಲಿ ವರ್ಷಗಟ್ಟಲೆ ಕೂತು ನುಡಿಸಿದವರು ಅವರು. ಅವರ ಬಿಲ್ಲು ಎಲ್ಲಿ ತಿರುಗುತ್ತದೆ ಎಂಬುದು ಇವರ ಉಸಿರಿಗೆ ಗೊತ್ತು. ಅಷ್ಟೂ ಸದ್ದು ಗದ್ದಲದ ನಂತರ ಆ ಪಿಟೀಲು ಕೇಳುವಾಗ ಪ್ರಯಾಣದ ನಡುವೆ ನಮ್ಮ ಭಾಷೆಯ ಬೋರ್ಡು ಕಂಡಷ್ಟು ಸಮಾಧಾನ.

‘ಕಲ್ಯಾಣಿ’ ಅಂತಲೇ ಒಂದು ರಚನೆ ಇದೆ. ಕಲ್ಯಾಣಿ ನಮಗೆ 65ನೆಯ ಮೇಳಕರ್ತ ರಾಗ, ಅಂದರೆ ಮೂಲರಾಗ; ಪ್ರತಿಮಧ್ಯಮದ, ಅಂದರೆ ಎತ್ತರದ ‘ಮ’ ಇರುವ ರಾಗ. ಹಿಂದೂಸ್ತಾನಿಯವರಿಗೆ ಯಮನ್. ಪಾಶ್ಚಾತ್ಯರಲ್ಲಿ ಇದೇ ಏಳು ಸ್ವರಗಳ ಏಣಿಗೆ ಲಿಡಿಯನ್ ಎನ್ನುತ್ತಾರೆ. ಜಾರ್ಜ್ ರಸೆಲ್ ಎಂಬ ಜಾಝ್ ಸಂಗೀತಗಾರ 1953ರಲ್ಲಿ ಈ ಲಿಡಿಯನ್ ಏಣಿಯನ್ನೇ ತಳಹದಿಯಾಗಿಟ್ಟುಕೊಂಡು ಒಂದು ಸಿದ್ಧಾಂತ ಬರೆದ, ಅದು ಮುಂದಿನ ತಲೆಮಾರಿನ ಜಾಝ್‌ನವರನ್ನು ತುಂಬ ಪ್ರಭಾವಿಸಿತು. ಅಂದರೆ ಎರಡು ಕಡೆಯವರೂ ಒಂದೇ ಏಣಿಯ ಮೇಲೆ ಬಹಳ ಕಾಲದಿಂದ ಹತ್ತಿಳಿಯುತ್ತಿದ್ದರು, ಬೇರೆ ಬೇರೆ ಮನೆಗಳಲ್ಲಿ. ಆದರೆ ಏಣಿ ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಆಗುವುದಿಲ್ಲ. ಅದೇ ಏಳು ಸ್ವರಗಳನ್ನು ಯಾವ ಕಡೆಯಿಂದ ಬಂದು ಮುಟ್ಟುತ್ತೀರಿ, ಎಲ್ಲಿ ತಂಗುತ್ತೀರಿ, ಯಾವುದನ್ನು ತೂಗುತ್ತೀರಿ ಎಂಬುದರಲ್ಲಿ ಕಲ್ಯಾಣಿ ಇರುವುದು.

ಈ ಮಾತು ನನ್ನನ್ನು ಇನ್ನೊಂದು ಆಲ್ಬಮ್ಮಿಗೆ ಕರೆದೊಯ್ಯುತ್ತದೆ. ‘ಕಿನ್ಸ್‌ಮೆನ್’ಗೆ 4 ವರ್ಷ ಮೊದಲು, 2004ರಲ್ಲಿ, ರುದ್ರೇಶ್ ‘ಮದರ್ ಟಂಗ್’ ಅಂತ ಒಂದು ಆಲ್ಬಮ್ ಮಾಡಿದ್ದರು. ಮಾತೃಭಾಷೆ. ಅದರ ಹಿಂದಿನ ಯೋಚನೆ ಕೇಳಿದಾಗ ನಾನು ಎದ್ದು ಕೂತಿದ್ದೆ. ಭಾರತೀಯ ಮೂಲದವರಿಗೆ ಅಮೆರಿಕದಲ್ಲಿ ಎದುರಾಗುವ ಒಂದು ಪೆದ್ದು ಪ್ರಶ್ನೆ ಇದೆ, ನೀವು ಮನೆಯಲ್ಲಿ ‘ಇಂಡಿಯನ್’ ಮಾತಾಡ್ತೀರಾ ಎಂಬಂಥದ್ದು. ರುದ್ರೇಶ್ ಇಂಥ ಪ್ರಶ್ನೆಯನ್ನು ಬೇರೆ ಬೇರೆ ಭಾಷೆಯವರಿಗೆ ಕೇಳಿ, ಅವರವರ ಭಾಷೆಯಲ್ಲೇ ಉತ್ತರ ಪಡೆದು, ಆ ಉತ್ತರಗಳನ್ನು ಧ್ವನಿಮುದ್ರಿಸಿಕೊಂಡರು. ಆಮೇಲೆ ಅರ್ಥ ಬಿಟ್ಟು ಮಾತಿನ ಏರಿಳಿತವನ್ನಷ್ಟೇ ಸ್ವರಗಳಾಗಿ ಬರೆದುಕೊಂಡು ರಚನೆಗಳನ್ನು ಮಾಡಿದರು. ಅವುಗಳ ಹೆಸರುಗಳು ‘ಗುಜರಾತಿ’, ‘ತೆಲುಗು’, ‘ಕೊಂಕಣಿ’, ‘ತಮಿಳು’, ‘ಮಲಯಾಳಂ’. ಒಂದರ ಹೆಸರು ‘ಕನ್ನಡ’.

ನ್ಯೂಯಾರ್ಕಿನ ಜಾಝ್ ಆಲ್ಬಮ್ಮಿನ ಹಿಂಬದಿಯಲ್ಲಿ ‘ಕನ್ನಡ’ ಅಂತ ಹಾಡಿನ ಹೆಸರು ನೋಡಿ ಖುಷಿಯಾದದ್ದು ನಿಜ. ಅದಕ್ಕಿಂತ ಹೆಚ್ಚಾಗಿ, ನಾವು ದಿನವೂ ಹೇಳುವ ಒಂದು ಮಾತನ್ನು ಒಬ್ಬರು ಅಕ್ಷರಶಃ ತೆಗೆದುಕೊಂಡಿದ್ದರು. ‘ಅವರ ಮಾತಿನ ರಾಗ ಕೇಳಿದ್ರೇ ಗೊತ್ತಾಗ್ತದೆ ಎಲ್ಲಿಯವರು ಅಂತ’ ಎನ್ನುತ್ತೇವಲ್ಲ, ಅದು. ನಮ್ಮ ಮನೆಭಾಷೆ ತುಳು. ಕನ್ನಡ ನನಗೆ ಶಾಲೆಯ ಭಾಷೆ, ಓದಿನ ಭಾಷೆ, ಈಗ ಬರೆಯುವ ಭಾಷೆ. ಬೆಂಗಳೂರಿನಲ್ಲಿ ಇಷ್ಟು ವರ್ಷ ಇದ್ದರೂ ತರಕಾರಿ ಅಂಗಡಿಯಲ್ಲಿ ಒಂದು ವಾಕ್ಯ ಮುಗಿಸುವುದರೊಳಗೆ ‘ಸಾರ್, ನೀವು ಮಂಗಳೂರಿನವ್ರಾ?’ ಅಂತ ಕೇಳಿಬಿಡುತ್ತಾರೆ. ನಾನು ಬಳಸಿದ ಪದಗಳಲ್ಲಿ ಮಂಗಳೂರು ಇರುವುದಿಲ್ಲ. ಅರ್ಧ ಕಿಲೋ ಬೀನ್ಸ್ ಅಂದರೆ ಎಲ್ಲ ಕಡೆಯೂ ಅರ್ಧ ಕಿಲೋ ಬೀನ್ಸೇ. ಆ ವಾಕ್ಯವನ್ನು ಎಲ್ಲಿ ಎಳೆದೆ, ಎಲ್ಲಿ ಇಳಿಸಿದೆ ಎಂಬುದರಲ್ಲಿ ನೇತ್ರಾವತಿ ಕೂತಿರುತ್ತಾಳೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ರಾಗವನ್ನು ಅಳಿಸಲು ತುಂಬ ಕಷ್ಟಪಟ್ಟಿದ್ದೆ. ಕಚೇರಿಯಲ್ಲಿ ಒಬ್ಬರು ಮೀಟಿಂಗಿನ ನಡುವೆ ನನ್ನ ಮಾತನ್ನು ಅನುಕರಿಸಿ ನಗಿಸಿದ ಮೇಲೆ ಹಲವು ತಿಂಗಳು ಬಾಯಿ ತೆರೆಯಲೇ ಹಿಂಜರಿಯುತ್ತಿದ್ದೆ.

ಗಮಕ ಅಂದರೆ ಸ್ವರಕ್ಕೆ ಇರುವ ಊರು. ಗೋಪಾಲನಾಥರು ಅಮೆರಿಕದ ಜಾಝ್‌ನವರ ನಡುವೆ, ಡ್ರಮ್ಸ್‌ನ ಸದ್ದಿನ ನಡುವೆ ಕೂತು ಒಂದು ಸ್ವರವನ್ನೂ ತನ್ನ ಊರು ಬಿಟ್ಟು ಊದುವುದಿಲ್ಲ. ಅದು ಹಟವಾಗಿಯೂ ಕೇಳಿಸುವುದಿಲ್ಲ. ಅವರಿಗೆ ಬರುವುದು ಹಾಗೆ, ಅಷ್ಟೆ. ರುದ್ರೇಶರದ್ದು ನನಗೆ ಇನ್ನೂ ಕಷ್ಟದ ಕೆಲಸ ಅನ್ನಿಸುತ್ತದೆ. ಹಿರಿಯರ ಪಕ್ಕದಲ್ಲಿ ನಿಂತಾಗ ಅವರ ಹಾಗೇ ಜಾರಲು ಹೋಗುವುದು ಸುಲಭ. ಬೇರು ಹುಡುಕಿಕೊಂಡು ಬಂದವನಲ್ಲಿ ಆ ಆಸೆ ಜಾಸ್ತಿಯೇ ಇರಬೇಕು. ಅಲ್ಲಲ್ಲಿ ಅವರೂ ಸ್ವರವನ್ನು ಬಾಗಿಸುತ್ತಾರೆ, ಆದರೆ ಸ್ವಂತ ಸರದಿ ಬಂದಾಗ ಬೌಲ್ಡರಿನಲ್ಲಿ ಬೆಳೆದ, ಪಾರ್ಕರನನ್ನು ಕೇಳಿ ಕಲಿತ ಹುಡುಗನ ಮಾತಿನಲ್ಲೇ ಮಾತಾಡುತ್ತಾರೆ. ಕರ್ನಾಟಕ ಸಂಗೀತದಿಂದ ಅವರು ತೆಗೆದುಕೊಂಡಿರುವುದು ಹೆಚ್ಚಾಗಿ ಕಟ್ಟಡದ ಸಂಗತಿಗಳನ್ನು, ಅಂದರೆ ಸ್ವರಗುಂಪುಗಳನ್ನು ಕೂಡಿಸುವ ಲೆಕ್ಕ, ಮುಕ್ತಾಯಕ್ಕೆ ಮೂರು ಸಲ ಹೊಡೆದು ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಬರುವ ವರಸೆ, ಇಂಥವನ್ನು. ಕಿವಿಗೆ ಎದ್ದು ಕಾಣುವ ಅಲಂಕಾರವನ್ನು ಅವಸರದಲ್ಲಿ ಎರವಲು ಪಡೆದಿಲ್ಲ.

ಎಲ್ಲ ಕಡೆಯೂ ಆಲ್ಬಮ್ ಗೆದ್ದಿದೆ ಅಂತ ನಾನು ಹೇಳುವುದಿಲ್ಲ. ಡ್ರಮ್ಸ್ ಮತ್ತು ಮೃದಂಗ ಒಟ್ಟಿಗೆ ಏರಿದಾಗ ಮೃದಂಗದ ಎಡಭಾಗದ ಗುಮುಕಿ, ಆ ಗುಂಯ್ ಎನ್ನುವ ಬಾಗುವ ನಾದ, ನನ್ನ ಕಿವಿಗೆ ಸಿಗುವುದೇ ಇಲ್ಲ. ಡ್ರಮ್ಸ್‌ನ ತಾಳದಟ್ಟೆಯ ಝಣಝಣ ಅದನ್ನು ಮುಚ್ಚುತ್ತದೆ. ಮೃದಂಗ ಷಡ್ಜಕ್ಕೆ ಶ್ರುತಿಗೊಂಡ ವಾದ್ಯ, ಅದೂ ಹಾಡುತ್ತಿರುತ್ತದೆ, ಆ ಹಾಡು ಕೆಲವೆಡೆ ಕಳೆದುಹೋಗಿದೆ. ವೇಗದ ರಚನೆಗಳಲ್ಲಿ ಗೋಪಾಲನಾಥರಿಗೆ ಇನ್ನಷ್ಟು ಉಸಿರಾಡಲು ಬಿಡಬೇಕಿತ್ತು ಎಂದೂ ಅನ್ನಿಸಿದೆ. ದೇವಸ್ಥಾನದ ಹೊರಾಂಗಣದಲ್ಲಿ ಒಂದು ರಾಗವನ್ನು ಮುಕ್ಕಾಲು ಗಂಟೆ ಬಿಡಿಸುತ್ತ ಕೂರುವವರನ್ನು ಕೇಳಿದ ಕಿವಿಗೆ ಇಲ್ಲಿನ ಸರದಿಗಳು ಗಿಡ್ಡ. ಜಾಝ್ ಕೇಳಿ ಬೆಳೆದವರಿಗೆ ಇದೇ ಉದ್ದ ಅನ್ನಿಸಬಹುದು.

ಕದ್ರಿ ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. ಬೆಳಗ್ಗೆ ಸುದ್ದಿ ಬಂದಾಗ ನಾನು ದೊಡ್ಡಪ್ಪನಿಗೆ ಫೋನ್ ಮಾಡಿದೆ. ಅವರಿಗೆ ಆಗಲೇ ಗೊತ್ತಾಗಿತ್ತು. ಜಾಸ್ತಿ ಮಾತಾಡಲಿಲ್ಲ. ಆ ವಾರ ಊರಿಗೆ ಹೋದಾಗ ಕ್ಯಾಸೆಟ್ಟುಗಳೆಲ್ಲ ಕಪಾಟಿನಿಂದ ಹೊರಬಂದು ಚಾವಡಿಯ ಬೆಂಚಿನ ಮೇಲೆ ಸಾಲಾಗಿ ಕೂತಿದ್ದವು. ಟೇಪ್ ರೆಕಾರ್ಡರ್ ಕೆಟ್ಟು ವರ್ಷಗಳಾಗಿದ್ದವು. ಒಂದೊಂದೇ ಡಬ್ಬಿಯನ್ನು ಪಂಚೆಯ ಅಂಚಿನಿಂದ ಒರೆಸುತ್ತಿದ್ದರು.

ನಾನು ಮೊಬೈಲಿನಲ್ಲಿ ಅವರ ಹಳೆಯ ಕಛೇರಿಯೊಂದನ್ನು ಹುಡುಕಿ ಹಾಕಲು ಹೊರಟೆ.

“ಅದು ಬೇಡ” ಅಂದರು. “ಅವತ್ತು ಮಳೆಯ ದಿನ ಹಾಕಿದ್ದಿಯಲ್ಲ, ಅದು ಉಂಟಾ?”

“ಉಂಟು ದೊಡ್ಡಪ್ಪ. ಎಲ್ಲಿಂದ ಹಾಕ್ಲಿ?”

ಅವರು ಸ್ವಲ್ಪ ಯೋಚಿಸಿದರು. ಕೈಯಲ್ಲಿದ್ದ ಕ್ಯಾಸೆಟ್ಟನ್ನು ಬೆಂಚಿನ ಮೇಲೆ ಜಾಗ ನೋಡಿ ಇಟ್ಟರು.

“ಆ ಹುಡುಗ ಊದ್ತಾನಲ್ಲ, ಅಲ್ಲಿಂದ ಹಾಕು. ಅವ ಮುಗಿಸಿದ ಮೇಲೆ ಇವರು ಬರ್ತಾರೆ.”